ಬಿಷಪ್ಪರ ಕೈಯೋ, ಬೈಬಲ್ಲಿನ ಮಾತೋ

ಮಾನ್ವಿಯಲ್ಲೋ ದೇವದುರ್ಗದಲ್ಲೋ ಕ್ರೈಸ್ತರ ಓಣಿಗೆ ಹೋಗಿ ‘ನಿಮ್ಮದು ಯಾವ ಸಭೆ?’ ಎಂದು ಕೇಳಿ ನೋಡಿ. ಮೆಥೋಡಿಸ್ಟ್ ಅನ್ನುತ್ತಾರೆ, ಪೆಂತೆಕೊಸ್ತ್ ಅನ್ನುತ್ತಾರೆ, ಇಲ್ಲವೇ ಪಾಸ್ಟರ ಹೆಸರು ಹಿಡಿದು ‘ಅವರ ಪ್ರಾರ್ಥನೆಗೆ ಹೋಗ್ತೀವ್ರಿ’ ಅನ್ನುತ್ತಾರೆ. ಪನ್ನೂರಿನ ಕಡೆಯವರಾದರೆ ಕ್ಯಾಥೊಲಿಕ್ ಅಂದಾರು. ಮುದಗಲ್ಲಿನವರಾದರಂತೂ ವಿಜಯಪುರದ ಆದಿಲ್‌ಶಾಹಿ ಕಾಲದಿಂದ ತಾವು ಕ್ಯಾಥೊಲಿಕ್ಕರೆಂದು ಎದೆಯುಬ್ಬಿಸಿ ಹೇಳುತ್ತಾರೆ. ಇಂಗ್ಲೆಂಡಿನ ಸಭೆಯ ಬಳಗದವರನ್ನು ಕರೆಯುವ ‘ಆಂಗ್ಲಿಕನ್’ ಎಂಬ ಪದ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಹಾಗಿದ್ದ ಮೇಲೆ ಇಂಗ್ಲೆಂಡಿನ ಕ್ಯಾಂಟರ್ಬರಿ ಪೀಠದ ಸುತ್ತ ಆಂಗ್ಲಿಕನ್ನರಲ್ಲಿ ಎದ್ದಿರುವ ಜಗಳ ಎಡೆದೊರೆ ನಾಡಿಗೇಕೆ? ಕಾರಣ ಇದೆ. ರಾಯಚೂರಿನ ಮೆಥೋಡಿಸ್ಟ್ ಸಭೆಯೇ ಆಂಗ್ಲಿಕನ್ ಒಡಕಿನ ಮೊಮ್ಮಗು. ತುಂಗಭದ್ರೆ ದಾಟಿ ಕರ್ನೂಲು ಹಾದು ಮುಂದೆ ಹೋದರೆ ಸಿಗುವ ನಂದ್ಯಾಲದಲ್ಲಿ ಆಂಗ್ಲಿಕನ್ನರು ಒಡೆದು ಮತ್ತೆ ಕೂಡಿದ ಇಡೀ ನಾಟಕ ನಡೆದುಹೋಗಿದೆ. ಈಗ ಜಗತ್ತಿನಾದ್ಯಂತ ನಡೆಯುತ್ತಿರುವ ಬೇರ್ಪಡೆಯ ಒಳಯಂತ್ರವನ್ನು ಅರಿಯಲು ಲಂಡನ್ನಿಗಿಂತ ನಂದ್ಯಾಲವೇ ಹತ್ತಿರದ ದಾರಿ.

ಮೊದಲು ಆ ಮೊಮ್ಮಗುವಿನ ಕಥೆ. ಜಾನ್ ವೆಸ್ಲಿ ಇಂಗ್ಲೆಂಡಿನ ಆಂಗ್ಲಿಕನ್ ಪಾದ್ರಿ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ತನಗೆ ಹೃದಯ ಪರಿವರ್ತನೆ ಆಯಿತೆಂದು ಬರೆದುಕೊಂಡವನು. ಆಮೇಲೆ ಬಯಲಿನಲ್ಲಿ, ಗಣಿ ಕೂಲಿಗಳ ನಡುವೆ ನಿಂತು ಬೋಧಿಸಿದ. ಸಾಯುವವರೆಗೂ, ಅಂದರೆ 1791ರವರೆಗೂ, ತಾನು ಆಂಗ್ಲಿಕನ್ನನೇ ಎಂದ. ಆದರೆ 1784ರಲ್ಲಿ ಒಂದು ಕೆಲಸ ಮಾಡಿಬಿಟ್ಟ. ಅಮೆರಿಕದಲ್ಲಿ ತನ್ನ ಹಿಂಬಾಲಕರಿಗೆ ಸಂಸ್ಕಾರ ಕೊಡಲು ಪಾದ್ರಿಗಳಿಲ್ಲ, ಬಿಷಪ್ಪರು ದೀಕ್ಷೆ ಕೊಡಲು ಒಲ್ಲರು ಎಂದಾಗ, ಬಿಷಪ್ ಅಲ್ಲದ ತಾನೇ ಕೈಯಿಟ್ಟು ಕೆಲವರಿಗೆ ದೀಕ್ಷೆ ಕೊಟ್ಟು ಕಳಿಸಿದ. ಅಮೆರಿಕದ ಮೆಥೋಡಿಸ್ಟ್ ಬಿಷಪ್ಪರ ಸಾಲು ಅಲ್ಲಿಂದ ಶುರು. ಆ ಅಮೆರಿಕದವರು 1856ರಲ್ಲಿ ಬರೇಲಿಗೆ ಬಂದರು. 1870ರ ದಶಕದಲ್ಲಿ ವಿಲಿಯಂ ಟೇಲರ್ ಎಂಬ ಬೋಧಕನ ಹಿಂದೆ ದಕ್ಷಿಣಕ್ಕಿಳಿದರು. ಮುಂದೆ ನಿಜಾಮರ ಸೀಮೆಯ ಬೀದರ್, ರಾಯಚೂರುಗಳಲ್ಲಿ ನೆಲೆಯೂರಿದರು. 1871ರಲ್ಲಿ ಮುಂಬಯಿ ಕಡೆಯ ರೈಲು ಮತ್ತು ಮದ್ರಾಸ್ ಕಡೆಯ ರೈಲು ಒಂದನ್ನೊಂದು ಮುಟ್ಟಿದ್ದು ಇದೇ ರಾಯಚೂರಿನಲ್ಲಿ ಎಂಬುದನ್ನು ನೆನೆದರೆ ಮಿಷನರಿಗಳ ದಾರಿ ಸಲೀಸಾದದ್ದು ಹೇಗೆಂದು ಬಿಡಿಸಿ ಹೇಳಬೇಕಿಲ್ಲ.

ವೆಸ್ಲಿ ಮಾಡಿದ್ದು ಸರಿಯೋ ತಪ್ಪೋ ಎಂಬ ಪ್ರಶ್ನೆಯಲ್ಲಿಯೇ ಇಡೀ ವಿಷಯ ಅಡಗಿದೆ. ನಮ್ಮ ಮಠಗಳ ಭಾಷೆಯಲ್ಲಿ ಹೇಳುವುದಾದರೆ ಅದು ಪಟ್ಟದ ಪ್ರಶ್ನೆ. ಒಬ್ಬ ಸ್ವಾಮಿಯ ಅಧಿಕಾರ ಎಲ್ಲಿಂದ ಬರುತ್ತದೆ? ಹಿಂದಿನ ಗುರು ಪಟ್ಟ ಕಟ್ಟಿದ್ದರಿಂದಲೋ, ವಚನಕ್ಕೆ ತಕ್ಕಂತೆ ನಡೆಯುವುದರಿಂದಲೋ? ಆಂಗ್ಲಿಕನ್ನರಲ್ಲಿ ಎರಡು ಉತ್ತರಗಳೂ ಮೊದಲಿನಿಂದ ಒಂದೇ ಸೂರಿನಡಿ ಇವೆ. ಅಪೊಸ್ತಲರಿಂದ ಬಿಷಪ್ಪರಿಗೆ, ಬಿಷಪ್ಪರಿಂದ ಬಿಷಪ್ಪರಿಗೆ ತಲೆಯ ಮೇಲೆ ಕೈಯಿಡುತ್ತ ಬಂದ ಪರಂಪರೆಯೇ ಸಭೆಯ ಬೆನ್ನೆಲುಬು ಎನ್ನುವವರು ಒಂದು ಕಡೆ. ಬೈಬಲ್ಲಿನ ಮಾತು, ಶಿಲುಬೆ, ಮನಸ್ಸಿನ ತಿರುಗುವಿಕೆ, ಸುವಾರ್ತೆ ಸಾರುವ ಹುರುಪು ಇವೇ ಮುಖ್ಯ, ಬಿಷಪ್ಪರು ಒಳ್ಳೆಯ ವ್ಯವಸ್ಥೆ ಅಷ್ಟೇ ಎನ್ನುವವರು ಇನ್ನೊಂದು ಕಡೆ. ಈ ಎರಡನೆಯವರೇ ಇವ್ಯಾಂಜೆಲಿಕಲ್‌ಗಳು. ಕನ್ನಡದಲ್ಲಿ ಸುವಾರ್ತಾವಾದಿಗಳು ಎನ್ನೋಣ. ಹಳ್ಳಿಯ ಸಭೆಗಳಲ್ಲಿ ‘ಸುವಾರ್ತೆ’ ಎಂಬುದು ದಿನಬಳಕೆಯ ಮಾತೇ.

ಭಾರತಕ್ಕೆ ಆಂಗ್ಲಿಕನ್ನರು ಎರಡು ಮಿಷನ್‌ಗಳಾಗಿ ಬಂದದ್ದು ಇದರಿಂದಲೇ. 1701ರಲ್ಲಿ ಹುಟ್ಟಿದ ಎಸ್.ಪಿ.ಜಿ. ಪರಂಪರೆಗೆ ಹೆಚ್ಚು ಒತ್ತು ಕೊಟ್ಟದ್ದು, 1799ರ ಸಿ.ಎಂ.ಎಸ್. ಸುವಾರ್ತಾವಾದಿಗಳದ್ದು. ಒಂದೇ ಸಭೆ, ಒಂದೇ ಪ್ರಾರ್ಥನಾ ಪುಸ್ತಕ, ಆದರೆ ಬೇರೆ ಬೇರೆ ಜಿಲ್ಲೆ, ಬೇರೆ ಬೇರೆ ಹಣದ ಚೀಲ. ನಂದ್ಯಾಲ ಎಸ್.ಪಿ.ಜಿ.ಯ ಪಾಲಿಗೆ ಬಂದಿತ್ತು.

ಈಗ 1919ಕ್ಕೆ ಬರೋಣ. ಆಗ ನಿಜಾಮರ ರಾಜ್ಯದ ಪೂರ್ವದಂಚಿನ ದೋರ್ನಕಲ್ಲಿನಲ್ಲಿ ವಿ.ಎಸ್. ಅಜರಾಯ ಎಂಬ ಬಿಷಪ್ ಇದ್ದರು. ತಿರುನೆಲ್ವೇಲಿ ಸೀಮೆಯ ತಮಿಳರು, 1912ರ ಡಿಸೆಂಬರಿನಲ್ಲಿ ದೀಕ್ಷೆ ಪಡೆದ ಮೊದಲ ಭಾರತೀಯ ಆಂಗ್ಲಿಕನ್ ಬಿಷಪ್. ಅವರ ಸುತ್ತ ಸೇರುತ್ತಿದ್ದವರು ಮಾಲ, ಮಾದಿಗ ಕೇರಿಗಳ ಬಡವರು. ಒಂದು ಹಳ್ಳಿಯಲ್ಲಿ ಆಂಗ್ಲಿಕನ್, ಪಕ್ಕದ ಹಳ್ಳಿಯಲ್ಲಿ ಬ್ಯಾಪ್ಟಿಸ್ಟ್, ಅದರಾಚೆ ವೆಸ್ಲಿಯನ್. ನೆಂಟರ ಮನೆಯ ಮದುವೆಗೆ ಹೋದವನಿಗೆ ಅಲ್ಲಿ ಕರ್ತನ ಭೋಜನ ಸಿಗದು. ಇಂಗ್ಲೆಂಡಿನ ನಾಲ್ಕು ನೂರು ವರ್ಷ ಹಳೆಯ ಜಗಳವನ್ನು ದೋರ್ನಕಲ್ಲಿನ ಕೂಲಿಯವನ ತಲೆಗೆ ಕಟ್ಟುವುದು ಅಜರಾಯರಿಗೆ ಸರಿಬರಲಿಲ್ಲ. 1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ ಬೇರೆ ಬೇರೆ ಸಭೆಗಳ ಬೋಧಕರನ್ನು ಕೂಡಿಸಿ ಒಂದಾಗುವ ಮಾತು ಎತ್ತಿದರು. ಆ ಮಾತು ಕೈಗೂಡಲು 28 ವರ್ಷ ಬೇಕಾಯಿತು. 1945ರ ಜನವರಿ 1ರಂದು ತೀರಿಕೊಂಡ ಅಜರಾಯರು ಅದನ್ನು ನೋಡಲಿಲ್ಲ.

28 ವರ್ಷ ಏಕೆ? ಗಂಟು ಇದ್ದದ್ದು ಅದೇ ಪಟ್ಟದಲ್ಲಿ. ಆಂಗ್ಲಿಕನ್ ಪಾದ್ರಿಗೆ ಬಿಷಪ್ ಕೈಯಿಟ್ಟಿದ್ದಾರೆ. ಮೆಥೋಡಿಸ್ಟ್, ಕಾಂಗ್ರಿಗೇಷನಲ್, ಪ್ರೆಸ್ಬಿಟೇರಿಯನ್ ಬೋಧಕರಿಗೆ ಹಾಗಿಲ್ಲ. ಒಂದಾಗಬೇಕಾದರೆ ಅವರಿಗೆ ಮತ್ತೊಮ್ಮೆ ದೀಕ್ಷೆ ಕೊಡಬೇಕೇ? ಹಾಗೆ ಕೊಟ್ಟರೆ ಇಷ್ಟು ವರ್ಷ ಅವರು ಕೊಟ್ಟ ರೊಟ್ಟಿ ದ್ರಾಕ್ಷಾರಸವೆಲ್ಲ ಸುಳ್ಳು ಎಂದಂತಾಯಿತು. ಕೊಡದಿದ್ದರೆ ಪರಂಪರೆಯ ಸರಪಳಿ ತುಂಡಾಯಿತು. ಕಡೆಗೆ ಹೊಳೆದ ಉಪಾಯ ಬಹಳ ಸರಳ, ಬಹಳ ಜಾಣ. ಈಗಿರುವ ಎಲ್ಲ ಬೋಧಕರನ್ನೂ ಇದ್ದಂತೆ ಒಪ್ಪಿಕೊಳ್ಳುವುದು, ಯಾರಿಗೂ ಮರುದೀಕ್ಷೆ ಇಲ್ಲ. ಇನ್ನು ಮುಂದೆ ಹೊಸದಾಗಿ ಬರುವವರಿಗೆಲ್ಲ ಬಿಷಪ್ಪರೇ ದೀಕ್ಷೆ ಕೊಡುವುದು. ಬಿಷಪ್ಪರಿರಬೇಕು, ಆದರೆ ಬಿಷಪ್ಪರ ಬಗ್ಗೆ ಯಾವ ಸಿದ್ಧಾಂತವನ್ನು ನಂಬಬೇಕೆಂದು ಯಾರನ್ನೂ ಕೇಳುವಂತಿಲ್ಲ. ಹಳೆಯ ಬೋಧಕನನ್ನು ಒಪ್ಪದ ಸಭೆಯ ಮೇಲೆ ಅವನನ್ನು ಹೇರುವಂತಿಲ್ಲ. 30 ವರ್ಷ ಹೀಗೆ ನಡೆಯಲಿ, ಆಮೇಲೆ ನೋಡೋಣ ಎಂದರು. ಹಳಬರು ಒಬ್ಬೊಬ್ಬರಾಗಿ ನಿವೃತ್ತರಾದಂತೆ ಗಂಟು ತಾನೇ ಸಡಿಲವಾಗುತ್ತದೆ ಎಂಬ ಲೆಕ್ಕ. ವಾದದಲ್ಲಿ ಬಗೆಹರಿಯದ್ದನ್ನು ಕಾಲದ ಕೈಗೆ ಒಪ್ಪಿಸಿದರು. ಹಳ್ಳಿಯ ಪಂಚರು ಬಾಂದುಗಲ್ಲಿನ ಜಗಳ ತೀರಿಸುವ ರೀತಿ.

ಇಂಗ್ಲೆಂಡಿನಲ್ಲಿ ಇದಕ್ಕೆ ಕೋಪವೋ ಕೋಪ. ಕವಿ ಟಿ.ಎಸ್. ಎಲಿಯಟ್ 1943ರಲ್ಲಿ ಇದರ ವಿರುದ್ಧ ಒಂದು ಕಿರುಹೊತ್ತಿಗೆಯನ್ನೇ ಬರೆದ. ಸುವಾರ್ತಾವಾದಿಗಳು ಮಾತ್ರ ಐಕ್ಯದ ಪರ ನಿಂತರು. ಈ ಅಂಶವನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲ್ಲಿನಲ್ಲಿ ದಕ್ಷಿಣ ಭಾರತ ಸಭೆ, ನಮ್ಮ ಬಾಯಲ್ಲಿ ಸಿ.ಎಸ್.ಐ., ಹುಟ್ಟಿತು. ಒಂಬತ್ತು ಮಂದಿ ಹೊಸ ಬಿಷಪ್ಪರಿಗೆ ಅಂದು ದೀಕ್ಷೆಯಾಯಿತು, ಮೈಸೂರಿನ ಪಿ. ಗುರುಶಾಂತರು ಅವರಲ್ಲೊಬ್ಬರು. ಅಂದು ರಾಯಚೂರು ಇನ್ನೂ ಭಾರತಕ್ಕೇ ಸೇರಿರಲಿಲ್ಲ, ನಿಜಾಮರ ಕೈಯಲ್ಲಿತ್ತು. ಹಾಗೆಂದು ನಿಜಾಮರ ಸೀಮೆ ಐಕ್ಯದಿಂದ ಹೊರಗುಳಿಯಿತು ಎಂದಲ್ಲ. ದೋರ್ನಕಲ್ಲಿನ ಆಂಗ್ಲಿಕನ್ನರು ಸೇರಿದರು, ಮೆದಕಿನ ಬ್ರಿಟಿಷ್ ವೆಸ್ಲಿಯನ್ನರು ಸೇರಿದರು. ದಕ್ಷಿಣದಲ್ಲಿ ಬಳ್ಳಾರಿ ಇತ್ತು. 1810ರಲ್ಲಿ ಜಾನ್ ಹ್ಯಾಂಡ್ಸ್ ಬಂದು ಕನ್ನಡ ಬೈಬಲ್ಲಿನ ಕೆಲಸಕ್ಕೆ ಕೂತ ಊರು ಅದು. ಅಲ್ಲಿನ ಲಂಡನ್ ಮಿಷನ್ನಿನವರೂ ಸೇರಿದರು. ರಾಯಚೂರಿನ ಅಮೆರಿಕನ್ ಮೆಥೋಡಿಸ್ಟರು ಮಾತ್ರ ಆ ಮಾತುಕತೆಯಲ್ಲೇ ಇರಲಿಲ್ಲ. ಅವರ ಸಭೆ ಉತ್ತರದಿಂದ ದಕ್ಷಿಣದವರೆಗೆ ಹಬ್ಬಿ, ಅಮೆರಿಕದ ಜನರಲ್ ಕಾನ್ಫರೆನ್ಸಿಗೆ ಕಟ್ಟಿಕೊಂಡಿತ್ತು. 1970ರ ನವೆಂಬರಿನಲ್ಲಿ ನಾಗಪುರದಲ್ಲಿ ಉತ್ತರ ಭಾರತ ಸಭೆ ಹುಟ್ಟಿದಾಗಲೂ ಅವರು ಸೇರಲಿಲ್ಲ; ಅದೇ ವರ್ಷದ ಆಗಸ್ಟಿನಲ್ಲಿ ಮತ ಹಾಕಿ, ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದಿದ್ದರು. 1981ರ ಜನವರಿಯಲ್ಲಿ ಸ್ವತಂತ್ರ ಭಾರತೀಯ ಮೆಥೋಡಿಸ್ಟ್ ಸಭೆಯಾದರು. ಹೀಗಾಗಿ ಒಂದೇ ಜಾತಿ, ಒಂದೇ ನೆಂಟಸ್ತಿಕೆ, ಕನ್ನಡ ಬೈಬಲ್ಲು ತೆಲುಗು ಕೀರ್ತನೆ ಎರಡೂ ನಡೆಯುವ ಒಂದೇ ಗಡಿಸೀಮೆ. ಇದ್ದರೂ ಸಭೆಯ ಗಡಿ ಬೇರೆ.

ಇನ್ನು ನಂದ್ಯಾಲ. ಅಲ್ಲಿನ ಆಂಗ್ಲಿಕನ್ನರಲ್ಲಿ ಬಹುಪಾಲು ಜನ 1947ರಲ್ಲಿ ‘ನಾವು ಬರುವುದಿಲ್ಲ’ ಎಂದರು. ಪರಂಪರೆಯ ಸರಪಳಿ ಕಡಿದುಕೊಂಡ ಸಭೆಗೆ ಸೇರುವುದು ಹೇಗೆ ಎಂಬುದು ಬಾಯಲ್ಲಿ ಆಡಿದ ಕಾರಣ. ಇಷ್ಟು ವರ್ಷ ಪೊರೆದ ಮಿಷನ್ ಎಸ್.ಪಿ.ಜಿ.ಯದ್ದು, ಅದರ ಸಾಮಾನ್ಯ ನಿಧಿಯ ಹಣ ಸಿ.ಎಸ್.ಐ.ಗೆ ಹರಿಯುವುದು ಅನುಮಾನ ಎಂಬ ಅಳುಕು ಅದರ ಹಿಂದೆ ಇರಲಿಲ್ಲ ಎನ್ನಲಾಗದು. ಸಭೆಗಳ ಒಡಕಿನಲ್ಲಿ ಸಿದ್ಧಾಂತ ಮುಂದಿನ ಬಾಗಿಲಲ್ಲಿ ಕೂತಿದ್ದರೆ ಸಂಬಳ ಹಿಂದಿನ ಬಾಗಿಲಲ್ಲಿ ನಿಂತಿರುತ್ತದೆ ಎಂಬುದು ನನ್ನ ಅನಿಸಿಕೆ. ಸುತ್ತ ನಾಲ್ಕೂ ದಿಕ್ಕಿಗೆ ಸಿ.ಎಸ್.ಐ., ನಡುವೆ ಹಳೆಯ ಆಂಗ್ಲಿಕನ್ ದ್ವೀಪ. 1963ರಲ್ಲಿ ಅದು ಪ್ರತ್ಯೇಕ ಡಯೋಸಿಸ್, ಅಂದರೆ ಒಬ್ಬ ಬಿಷಪ್ಪರ ಆಡಳಿತ ವಲಯ, ಆಯಿತು. 1970ರಲ್ಲಿ ಭೂಗೋಳಕ್ಕೇ ಸವಾಲು ಹಾಕುವಂತೆ ‘ಉತ್ತರ’ ಭಾರತ ಸಭೆಗೆ ಸೇರಿತು. 1975ರಲ್ಲಿ ಸಿ.ಎಸ್.ಐ.ಗೇ ಬಂತು. ಒಂದಾಗಲು ಮಾತಾಡಿದ್ದು 28 ವರ್ಷ, ನಂದ್ಯಾಲ ಮುನಿದು ಕೂತದ್ದೂ 28 ವರ್ಷ. ಇದಕ್ಕಿಂತ ಸೊಗಸಾದದ್ದು ಇನ್ನೊಂದಿದೆ. 2013ರ ಸೆಪ್ಟೆಂಬರಿನಲ್ಲಿ ಸಿ.ಎಸ್.ಐ. ತನ್ನ ಮೊದಲ ಮಹಿಳಾ ಬಿಷಪ್ಪರಾಗಿ ಎಗ್ಗೋನಿ ಪುಷ್ಪಲಲಿತಾ ಅವರಿಗೆ ದೀಕ್ಷೆ ಕೊಟ್ಟಿತು. ಅವರಿಗೆ ಕೊಟ್ಟ ಡಯೋಸಿಸ್ ಯಾವುದು? ಪರಂಪರೆ ಕೆಡುತ್ತದೆಂದು ಹೊರಗುಳಿದಿದ್ದ ಅದೇ ನಂದ್ಯಾಲ.

ಈಗ ಜಗತ್ತಿನ ಸುದ್ದಿ. ಆಂಗ್ಲಿಕನ್ನರಿಗೆ ಪೋಪ್ ಇಲ್ಲ. 42 ಸ್ವತಂತ್ರ ಪ್ರಾಂತ್ಯಗಳಿವೆ, ಒಂದರ ಮಾತು ಇನ್ನೊಂದರ ಮೇಲೆ ನಡೆಯದು. ಅವನ್ನು ಹಿಡಿದಿಟ್ಟಿರುವುದು ನಾಲ್ಕು ಎಳೆಗಳು: ಕ್ಯಾಂಟರ್ಬರಿಯ ಆರ್ಚ್‌ಬಿಷಪ್, 1867ರಿಂದ ನಡೆದಿರುವ ಬಿಷಪ್ಪರ ಲ್ಯಾಂಬೆತ್ ಸಮ್ಮೇಳನ, ಸಲಹಾ ಮಂಡಳಿ, ಮುಖ್ಯ ಬಿಷಪ್ಪರ ಕೂಟ. ಯಾವುದಕ್ಕೂ ಆಜ್ಞೆ ಮಾಡುವ ಅಧಿಕಾರವಿಲ್ಲ. ಕರೆಯಬಹುದು, ಕೂಡಿಸಬಹುದು, ಬೇಸರ ಪಡಬಹುದು. 1998ರ ಲ್ಯಾಂಬೆತ್ ಸಮ್ಮೇಳನ ಮದುವೆ ಗಂಡು ಹೆಣ್ಣಿನದ್ದೇ ಎಂದು ನಿರ್ಣಯಿಸಿತು. 2003ರಲ್ಲಿ ಅಮೆರಿಕದ ಸಭೆ, ಗಂಡಸು ಸಂಗಾತಿಯೊಡನೆ ಬಾಳುತ್ತಿದ್ದ ಜೀನ್ ರಾಬಿನ್ಸನ್ ಅವರನ್ನು ಬಿಷಪ್ ಮಾಡಿತು. 2008ರಲ್ಲಿ ಸುವಾರ್ತಾವಾದಿ ಬಿಷಪ್ಪರು, ಅವರಲ್ಲಿ ಹೆಚ್ಚಿನವರು ಆಫ್ರಿಕದವರು, ಜೆರುಸಲೇಮಿನಲ್ಲಿ ಕೂಡಿ ಗಾಫ್ಕಾನ್ ಎಂಬ ಬಳಗ ಕಟ್ಟಿದರು. ಮರುವರ್ಷ ಅಮೆರಿಕದಲ್ಲಿ ಅವರ ಬೆಂಬಲದಿಂದ ಇನ್ನೊಂದು ಆಂಗ್ಲಿಕನ್ ಸಭೆಯೇ ಎದ್ದಿತು. 2023ರಲ್ಲಿ ಇಂಗ್ಲೆಂಡಿನ ಸಭೆ ಸಲಿಂಗ ಜೋಡಿಗಳಿಗೆ ಆಶೀರ್ವಾದದ ಪ್ರಾರ್ಥನೆಗೆ ದಾರಿ ಬಿಟ್ಟಾಗ, ರುವಾಂಡದ ಕಿಗಾಲಿಯಲ್ಲಿ ಸೇರಿದ ಗಾಫ್ಕಾನ್ ಕ್ಯಾಂಟರ್ಬರಿಯ ಮೇಲೆ ತಮಗಿನ್ನು ಭರವಸೆ ಇಲ್ಲ ಎಂದಿತು. 2025ರ ಅಕ್ಟೋಬರ್ 3ರಂದು ಕ್ಯಾಂಟರ್ಬರಿಗೆ ಸಾರಾ ಮುಲ್ಲಾಲಿ ಅವರ ಹೆಸರು ಘೋಷಣೆಯಾಯಿತು. ಆ ಪೀಠಕ್ಕೆ ಬಂದ ಮೊದಲ ಹೆಣ್ಣು. ಎರಡು ವಾರ ಕಳೆಯುವುದರೊಳಗೆ ಗಾಫ್ಕಾನಿನ ಮುಖ್ಯಸ್ಥ, ರುವಾಂಡದ ಲಾರೆಂಟ್ ಎಂಬಾಂಡ, ಆ ನಾಲ್ಕೂ ಎಳೆಗಳನ್ನು ಕಡಿದುಕೊಳ್ಳುತ್ತೇವೆ, ಇನ್ನು ನಾವೇ ಜಾಗತಿಕ ಆಂಗ್ಲಿಕನ್ ಬಳಗ ಎಂದು ಸಾರಿದರು.

ಇಲ್ಲಿ ಆಗ ಹೇಳಿದ ಅಂಶಕ್ಕೆ ಮರಳೋಣ. 1947ರಲ್ಲಿ ಸುವಾರ್ತಾವಾದಿಗಳು ಕೂಡಿಸುವ ಕಡೆ ಇದ್ದರು, ಇಂದು ಬೇರಾಗುವ ಕಡೆ ಇದ್ದಾರೆ. ಮಾತು ಬದಲಾಯಿಸಿದರೇ? ಇಲ್ಲ, ಅವರ ಮಾತು ಒಂದೇ. ಬೈಬಲ್ಲು ಮೊದಲು, ಬಿಷಪ್ಪರ ವ್ಯವಸ್ಥೆ ಆಮೇಲೆ. ಪಕ್ಕದ ಮೆಥೋಡಿಸ್ಟನಲ್ಲೂ ಅದೇ ಸುವಾರ್ತೆ ಇದೆ ಎಂದು ಕಂಡಾಗ ಆ ಅಳತೆಗೋಲು ಗೋಡೆ ಕೆಡವಿತು. ತನ್ನದೇ ಸಭೆಯ ಬಿಷಪ್ಪನಲ್ಲಿ ಅದು ಇಲ್ಲ ಎಂದು ಅನಿಸಿದಾಗ ಅದೇ ಗೋಲು ಗೋಡೆ ಎಬ್ಬಿಸಿತು. ಇನ್ನೊಂದು ಕಡೆಯವರಿಗೂ ಹೀಗೆಯೇ: ಅಂದು ಪರಂಪರೆಗಾಗಿ ಐಕ್ಯವನ್ನು ತಡೆದವರ ವಾದವನ್ನೇ ಇಂದು ಐಕ್ಯ ಉಳಿಸಲು ಹೇಳಬೇಕಾಗಿದೆ. ಸುವಾರ್ತಾವಾದಿಗಳೆಲ್ಲ ಒಡಕಿನವರೆಂದು ಬರೆಯುವ ಪತ್ರಿಕೆಗಳು ತರಂಗಂಬಾಡಿಯನ್ನು ಮರೆತಿವೆ. ಐಕ್ಯ ಎಂದೊಡನೆ ಪುಳಕಗೊಳ್ಳುವವರು ದಕ್ಷಿಣ ಭಾರತದ ಐಕ್ಯಕ್ಕೆ ಆಧಾರವಾದದ್ದು ಒಂದು ಒಪ್ಪಂದದ ಪತ್ರ, ಕೇವಲ ಪ್ರೀತಿಯಲ್ಲ ಎಂಬುದನ್ನು ಮರೆತಿದ್ದಾರೆ.

ಸಿ.ಎಸ್.ಐ. ಎಲ್ಲಿ ನಿಂತಿದೆ? ಹುಟ್ಟಿದಾಗ ಅದನ್ನು ಆಂಗ್ಲಿಕನ್ ಮನೆ ಒಳಗೆ ಬಿಟ್ಟುಕೊಳ್ಳಲಿಲ್ಲ. 1955ರಲ್ಲಿ ಇಂಗ್ಲೆಂಡಿನ ಸಭೆ ಅರೆಬರೆ ಮನ್ನಣೆ ಕೊಟ್ಟಿತು. ಈಗ ಅದು ಪೂರ್ಣ ಸದಸ್ಯ, ಲ್ಯಾಂಬೆತ್ತಿಗೂ ಹೋಗುತ್ತದೆ. 1976ರಿಂದ ಹೆಣ್ಣುಮಕ್ಕಳಿಗೆ ದೀಕ್ಷೆ ಕೊಡುತ್ತಿದೆ, ಸಲಿಂಗ ಮದುವೆ ಮಾತ್ರ ಮಾಡಿಸುವುದಿಲ್ಲ. ಅಂದರೆ ಎರಡು ಬಣಗಳ ಪಟ್ಟಿಯಲ್ಲೂ ಪೂರ್ತಿ ಕೂರದು. ಅದರ ಸ್ವಂತ ಜಗಳ ಬೇರೆ ತರಹದ್ದು, ಚುನಾವಣೆ ಮತ್ತು ಆಸ್ತಿಯದ್ದು. 2024ರಲ್ಲಿ ಮದ್ರಾಸ್ ಹೈಕೋರ್ಟ್ ಅದರ ಆಡಳಿತ ನೋಡಲು ನಿವೃತ್ತ ನ್ಯಾಯಮೂರ್ತಿಗಳನ್ನು ನೇಮಿಸುವವರೆಗೆ ಹೋಯಿತು. ರಾಯಚೂರಿನ ಮೆಥೋಡಿಸ್ಟರಿಗೂ ಅಮೆರಿಕದ ತಮ್ಮ ಮಾತೃಸಭೆಯ ಒಡಕು ನೇರ ತಟ್ಟದು. 2022ರ ಮೇ ತಿಂಗಳಲ್ಲಿ ಅಲ್ಲಿ ಗ್ಲೋಬಲ್ ಮೆಥೋಡಿಸ್ಟ್ ಸಭೆ ಸಿಡಿದು ಬಂದಾಗ ಇಲ್ಲಿನ ಪಾಸ್ಟರಿಗೆ ಯಾವ ಕಡೆ ಎಂದು ಯಾರೂ ಕೇಳಲಿಲ್ಲ, 1981ರ ಸ್ವಾತಂತ್ರ್ಯದ ಫಲ ಅದು.

ಒಡಕು ಇಲ್ಲಿಗೆ ಬರುವುದು ಬೇರೆ ಬಾಗಿಲಿನಿಂದ. ಸಭೆಯೊಂದರಲ್ಲಿ ಮನಸ್ತಾಪವಾಗಿ ಹತ್ತಾರು ಮನೆಯವರು ಬೇರೆ ಪ್ರಾರ್ಥನೆ ಇಟ್ಟುಕೊಳ್ಳುತ್ತಾರೆ. ಹಾಗಾದಾಗ ತಿಳಿದಿರಬೇಕಾದ ಸಂಗತಿಗಳು ಮೂರು, ಮೂರೂ ಕಾನೂನಿನವು.

ಮದುವೆಗೆ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಅನ್ವಯ. ಆ ಹಳೆಯ ಪಟ್ಟದ ಪ್ರಶ್ನೆ ಇಲ್ಲಿ ಕಾನೂನಾಗಿ ಕೂತಿದೆ: ಬಿಷಪ್ಪರಿಂದ ದೀಕ್ಷೆ ಪಡೆದವರು ತಮ್ಮ ಸಭೆಯ ವಿಧಿಯಂತೆ ಮದುವೆ ಮಾಡಿಸಬಹುದು, ಸ್ವತಂತ್ರ ಪಾಸ್ಟರಿಗೆ ಸರ್ಕಾರದ ಪರವಾನಗಿ ಬೇಕು. ಪರವಾನಗಿ ಇಲ್ಲದೆ ಮಾಡಿಸುವುದು 68ನೇ ಸೆಕ್ಷನ್ ಪ್ರಕಾರ ಹತ್ತು ವರ್ಷದವರೆಗೆ ಸಜೆ ತರಬಹುದಾದ ಅಪರಾಧ. ಹೊಸ ಸಭೆಗೆ ಹೋದ ಮನೆಯವರು ಹಾಡು ಚೆನ್ನಾಗಿದೆಯೇ ಎಂದು ನೋಡುವಷ್ಟೇ ಆಸಕ್ತಿಯಿಂದ ಪಾಸ್ಟರ ಪರವಾನಗಿಯನ್ನೂ ನೋಡಬೇಕು. ಮುಂದೆ ಪಾಸ್‌ಪೋರ್ಟಿಗೋ ಪಿಂಚಣಿಗೋ ಕೇಳುವುದು ಆ ರಿಜಿಸ್ಟರಿನ ನಕಲನ್ನು.

ಮಣ್ಣಿನ ವಿಷಯ ಇನ್ನೂ ಸೂಕ್ಷ್ಮ. ಸಮಾಧಿಯ ಜಾಗ ಹಳೆಯ ಸಭೆಯದಾಗಿದ್ದರೆ ಬೇರಾದವರ ಮನೆಯಲ್ಲಿ ಸಾವಾದ ದಿನ ಜಗಳ ಏಳುತ್ತದೆ. ಕೇರಳದಲ್ಲಿ ಆರ್ಥೊಡಾಕ್ಸ್ ಮತ್ತು ಜಾಕೊಬೈಟ್ ಬಣಗಳ ನಡುವೆ ಇದು ಎಷ್ಟು ವಿಕೋಪಕ್ಕೆ ಹೋಯಿತೆಂದರೆ ಹೂಳುವ ಹಕ್ಕಿಗಾಗಿಯೇ 2020ರಲ್ಲಿ ಕಾಯ್ದೆ ಮಾಡಬೇಕಾಯಿತು. ಅಂಥ ಕಾಯ್ದೆ ನಮ್ಮಲ್ಲಿಲ್ಲ. ಬೇರಾಗುವ ದಿನವೇ ಸಮಾಧಿಯ ಮಾತನ್ನು ಹಿರಿಯರ ಮುಂದೆ ಬರೆದಿಟ್ಟುಕೊಳ್ಳುವುದು ಲೇಸು.

ಕೊನೆಯದು ಕಟ್ಟಡ. ಐಕ್ಯದ ಹಿಂದಿನ ದಿನ, 1947ರ ಸೆಪ್ಟೆಂಬರ್ 26ರಂದು, ಸಿ.ಎಸ್.ಐ. ತನ್ನ ಆಸ್ತಿಯನ್ನು ಇಟ್ಟುಕೊಳ್ಳಲು ಒಂದು ಕಂಪನಿಯನ್ನೇ ನೋಂದಾಯಿಸಿತ್ತು. ಕ್ಯಾಥೆಡ್ರಲ್ಲಿನ ಗಂಟೆಗಿಂತ ಮೊದಲು ರಿಜಿಸ್ಟ್ರಾರರ ಮುದ್ರೆ! ಆ ದೂರದೃಷ್ಟಿಯ ಬೆಲೆ ಏನೆಂಬುದನ್ನು ಬಹಳ ವರ್ಷಗಳ ಮೇಲೆ ಬೇರೊಂದು ಸಭೆಯ ಪ್ರಕರಣ ತೋರಿಸಿತು. ಗುಜರಾತಿನ ಬ್ರೆದ್ರನ್ ಸಭೆಯೊಂದು ಉತ್ತರ ಭಾರತ ಸಭೆಯಲ್ಲಿ ವಿಲೀನವಾಗಿದೆ ಎಂದು ಠರಾವು ಮಾಡಿತ್ತು. ಠರಾವು ಮಾಡಿದ ಮಾತ್ರಕ್ಕೆ ಟ್ರಸ್ಟಿನ ಆಸ್ತಿ ಕೈಬದಲಾಗದು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ತೀರ್ಪಿತ್ತಿತು. ಅಂದರೆ ಜನ ಬೇರಾಗಬಹುದು, ಕೂಡಬಹುದು. ಗೋಡೆಗಳು ಕಾಗದದ ಹಿಂದೆಯೇ ಹೋಗುತ್ತವೆ. ಹಳೆಯ ಸಭೆಗಳ ಜಾಗಕ್ಕಾದರೂ ಹೀಗೆ ಸಂಸ್ಥೆಯ ಹೆಸರಿದೆ. ಊರೊಟ್ಟಿನಿಂದ ಹಣ ಕೂಡಿಸಿ ತಗಡು ಹೊದಿಸಿದ ಹೊಸ ಪ್ರಾರ್ಥನಾ ಮಂದಿರಗಳ ಜಾಗ ಎಷ್ಟೋ ಕಡೆ ಪಾಸ್ಟರ ಸ್ವಂತ ಹೆಸರಿನಲ್ಲಿರುತ್ತದೆ. ಟ್ರಸ್ಟ್ ನೋಂದಾಯಿಸಿ, ಜಾಗವನ್ನು ಕ್ರಯಪತ್ರದಿಂದಲೋ ದಾನಪತ್ರದಿಂದಲೋ ಅದಕ್ಕೆ ಬರೆಸಿ, ಪಂಚಾಯಿತಿಯ ಇ-ಸ್ವತ್ತಿನ ದಾಖಲೆಯನ್ನು ಟ್ರಸ್ಟಿನ ಹೆಸರಿಗೆ ಮಾಡಿಸದಿದ್ದರೆ, ಪಾಸ್ಟರು ಕಣ್ಣು ಮುಚ್ಚಿದ ದಿನ ಆ ಮಂದಿರ ಕಾನೂನಿನ ಲೆಕ್ಕದಲ್ಲಿ ಅವರ ಮಕ್ಕಳ ಪಾಲು.